ಉತ್ತರ ಬಾರದ ಒಂಬತ್ತು ಸಾವಿರ ಪ್ರಶ್ನೆಗಳು

ನನಗೆ ಕಸ ಕಂಡರೆ ಆಗುವುದಿಲ್ಲ. ಗಂಡ ಓದುತ್ತಿರುವ ಪೇಪರನ್ನೇ ಕಿತ್ತು ಮಡಚಿಡುವವಳು ನಾನು. ಈ ಗುಣ ಒಂದು ಸೋಮವಾರ ನಮ್ಮ ಕಂಪನಿಯನ್ನೇ ಮುಳುಗಿಸುವುದರಲ್ಲಿತ್ತು.

ಕಂಪನಿ ಎಂದರೆ ನಾನು, ನನ್ನ ನಾದಿನಿ, ಔಷಧಿ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಮೇಜು. ರಿಪೇರಿ ಕೆಲಸದವರು ಒಬ್ಬರಿಗೊಬ್ಬರು ಸಹಾಯ ಮಾಡಿಕೊಳ್ಳುವ ಆ್ಯಪ್ ನಮ್ಮದು. ಫ್ಯಾನು, ಮಿಕ್ಸಿ, ಹೊಲಿಗೆ ಮಷಿನು, ಏನು ಕೈಕೊಟ್ಟರೂ ಒಬ್ಬರು ಪ್ರಶ್ನೆ ಹಾಕುತ್ತಾರೆ, ಗೊತ್ತಿದ್ದವರು ಉತ್ತರ ಬರೆಯುತ್ತಾರೆ. ಸರಿಹೋದ ಮೇಲೆ ಕೇಳಿದವರು ವಾಪಸ್ ಬಂದು 'ಓಡ್ತು' ಅಂತ ಬರೆಯಬೇಕು. ನಾವು ಹಾಕಿದ ನಿಯಮವಲ್ಲ, ಅವರೇ ಮಾಡಿಕೊಂಡ ಪದ್ಧತಿ. ಕೋಡ್ ಬರೆಯುವವಳು ನಾದಿನಿ, ಜನರನ್ನು ನೋಡಿಕೊಳ್ಳುವವಳು ನಾನು. ಜನ ಹನ್ನೊಂದು ಸಾವಿರ ಇದ್ದರು. ಆದಾಯ ಮಾತ್ರ ಸೊನ್ನೆ.

ಟೈ ಕಟ್ಟಿದ ಸಲಹೆಗಾರರೊಬ್ಬರ ಮಾತು ಕೇಳಿ ಉತ್ತರಗಳಿಗೆ ಬೀಗ ಹಾಕಿದ್ದೆವು. ದುಡ್ಡು ಕೊಟ್ಟವರಿಗೆ ಮಾತ್ರ ಉತ್ತರ ಕಾಣುತ್ತದೆ. ಕೊಟ್ಟವರು ಓದಿಕೊಂಡು ಹೋದರು, 'ಓಡ್ತು' ಅನ್ನಲು ಒಬ್ಬರೂ ತಿರುಗಿ ಬರಲಿಲ್ಲ. ದುಡ್ಡು ಕೊಟ್ಟಾಯಿತಲ್ಲ, ಇನ್ನೇನು ಬಾಕಿ. ಆ ಒಂದು ಮಾತಿಗಾಗಿಯೇ ಬರೆಯುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಹತ್ತನೇ ದಿನ ಬೀಗ ತೆಗೆದು ಸಲಹೆಗಾರರಿಗೆ ದೊಡ್ಡ ನಮಸ್ಕಾರ ಹಾಕಿದೆವು.

ಅಷ್ಟರಲ್ಲಿ ನಾದಿನಿಗೆ ದೊಡ್ಡ ಕಂಪನಿಯೊಂದರಿಂದ ಕೆಲಸದ ಪತ್ರ ಬಂತು. ಶುಕ್ರವಾರದೊಳಗೆ ತಿಳಿಸಬೇಕು. ಎರಡು ವರ್ಷ ಬಿಡಿಗಾಸು ಸಂಬಳವಿಲ್ಲದೆ ದುಡಿದವಳಿಗೆ ಹೋಗಬೇಡ ಎಂದು ಯಾವ ಬಾಯಲ್ಲಿ ಹೇಳಲಿ? ಅವಳು ಹೋದರೆ ಆ್ಯಪ್ ಮುಚ್ಚಿದಂತೆಯೇ. ನಿಜ ಹೇಳಬೇಕೆಂದರೆ ನನಗೆ ಆ್ಯಪಿಗಿಂತ ಅವಳದೇ ಚಿಂತೆ. ಎದುರು ಮೇಜಿನಲ್ಲಿ ಅವಳಿಲ್ಲದ ಬೆಳಗನ್ನು ನೆನೆಸಿಕೊಳ್ಳಲೂ ನನಗೆ ಮನಸ್ಸಿರಲಿಲ್ಲ.

ಹಣ ಹೂಡುವ ಪುಣ್ಯಾತ್ಮರು ಯಾರಾದರೂ ಬಂದು ನೋಡಿದರೆ ಎಲ್ಲ ಚೊಕ್ಕಟವಾಗಿ ಕಾಣಲಿ ಎಂದು ಸೋಮವಾರ ನಾನು ಆ್ಯಪನ್ನು ಗುಡಿಸಲು ಕೂತೆ. ಉತ್ತರವೇ ಬಾರದ ಪ್ರಶ್ನೆಗಳು ಒಂಬತ್ತು ಸಾವಿರ ಬಿದ್ದಿದ್ದವು. ಒಂದನ್ನು ತೆರೆದರೆ, 'ಹಸಿರು ಮಷಿನ್, ಬೆಲ್ಟ್ ಬದಲು, ಟೀಚರಮ್ಮ, ಬುಧವಾರ'. ಇದೊಂದು ಪ್ರಶ್ನೆಯೇ? ಇದಕ್ಕೆ ಯಾರು ಏನಂತ ಉತ್ತರ ಕೊಡಬೇಕು? ಸಿಟ್ಟು ಬಂತು. ಒಂಬತ್ತು ಸಾವಿರವನ್ನೂ ಒಟ್ಟಿಗೆ ಅಳಿಸಿ ಕೈ ಕೊಡವಿಕೊಂಡು ಎದ್ದೆ.

ಮಂಗಳವಾರ ನಾವು ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಐವತ್ತರ ಆಸುಪಾಸು, ಉಗುರಿನ ಸಂದಿಯಲ್ಲೆಲ್ಲ ಎಣ್ಣೆಯ ಕಪ್ಪು. ಹೊಲಿಗೆ ಮಷಿನು ರಿಪೇರಿ ಮಾಡುವವರು.

"ನನ್ನ ಪುಸ್ತಕ ಎಲ್ಲಿ?" ಅಂದರು.

ಯಾವ ಪುಸ್ತಕ ಎಂದೆ. ಆ ಹಸಿರು ಮಷಿನು, ಟೀಚರಮ್ಮ, ಬುಧವಾರ ಎಲ್ಲ ಅವರದೇ. ಅಂಗಡಿಗೆ ಬಂದ ಮಷಿನುಗಳ ವಿವರವನ್ನೆಲ್ಲ ನಮ್ಮ ಆ್ಯಪಿನಲ್ಲಿ ಪ್ರಶ್ನೆ ಅಂತ ಹಾಕಿಡುತ್ತಿದ್ದರಂತೆ. ಕಾಗದದ ಪುಸ್ತಕವಾದರೆ ಎಣ್ಣೆ ಕುಡಿದು ಓದಲು ಬರುವುದಿಲ್ಲ, ಇಲ್ಲಿ ಹುಡುಕಿದ ತಕ್ಷಣ ಸಿಗುತ್ತದೆ. ಈಗ ಅಂಗಡಿಯಲ್ಲಿ ಹದಿನಾಲ್ಕು ಮಷಿನು ಬಿಚ್ಚಿಕೊಂಡು ಬಿದ್ದಿವೆ, ಯಾವುದು ಯಾರದ್ದೋ ಗೊತ್ತಿಲ್ಲ. ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ನಾದಿನಿ ಬ್ಯಾಕಪ್ ತೆರೆದು ಕೂತಳು. ಅರ್ಧ ಗಂಟೆಯಲ್ಲಿ ಎಲ್ಲವೂ ವಾಪಸ್ ಬಂತು. ಅಷ್ಟರಲ್ಲಿ ನನ್ನ ಫೋನಿಗೆ ಮೂವತ್ತು ಕರೆ. ವಾಚ್ ರಿಪೇರಿಯವರು, ಸೈಕಲ್ ಅಂಗಡಿಯವರು, ಎಲ್ಲರೂ ಕೇಳಿದ್ದು ತಮ್ಮ ತಮ್ಮ ಪುಸ್ತಕವನ್ನೇ. ಬೈಸಿಕೊಂಡು ಬೈಸಿಕೊಂಡು ನನ್ನ ಕಿವಿ ಕಾದುಹೋಯಿತು. ತಿರುಗಿ ನೋಡಿದರೆ ನಾದಿನಿ ನಗುತ್ತಿದ್ದಾಳೆ.

"ಅತ್ತಿಗೆ, ಇವರು ಯಾವುದಕ್ಕೆ ದುಡ್ಡು ಕೊಡ್ತಾರೆ ಅಂತ ಎರಡು ವರ್ಷದಿಂದ ತಲೆ ಕೆಡಿಸ್ಕೊಂಡಿದ್ವಿ. ನೀವು ಒಂದೇ ದಿನದಲ್ಲಿ ಕಂಡುಹಿಡಿದುಬಿಟ್ರಿ."

ಬುಧವಾರ, ಗುರುವಾರ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಪ್ರಶ್ನೆ, ಉತ್ತರ ಎಂದಿನಂತೆ ಎಲ್ಲರಿಗೂ ಪುಕ್ಕಟೆ. ಅದರ ಪಕ್ಕದಲ್ಲಿ ಅವರವರ ಅಂಗಡಿಗೆ ಒಂದು ಸ್ವಂತ ಪುಸ್ತಕ. ಬೇರೆಯವರು ಓದುವಂತಿಲ್ಲ, ನಾನು ಅಳಿಸುವಂತಿಲ್ಲ. ಅದಕ್ಕೆ ತಿಂಗಳಿಗಿಷ್ಟು ಅಂತ ಕೊಡಬೇಕು. ಉತ್ತರ ಹುಡುಕಿ ಬಂದವರು ಪುಸ್ತಕ ಇಟ್ಟುಕೊಂಡು ಉಳಿಯುತ್ತಾರೆ ಎನ್ನುವುದು ನಾದಿನಿಯ ಅಂದಾಜು. ಬೆಲೆ ಕಟ್ಟುವ ಕೆಲಸ ನನ್ನದು. ತಪ್ಪು ಮಾಡಿದವಳಿಗೆ ಧೈರ್ಯ ಎಲ್ಲಿಂದ ಬರಬೇಕು? ಒಂದು ಪೊಟ್ಟಣ ಸೂಜಿಯ ಬೆಲೆ ಇಟ್ಟೆ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಆ ಹೊಲಿಗೆ ಮಷಿನಿನವರ ಅಂಗಡಿಗೇ ಹೋದೆವು. ಅವರು ಕೈ ಒರೆಸಿಕೊಂಡು ಫೋನ್ ಹಿಡಿದರು, ಎರಡು ಗಿರಾಕಿಗಳ ಹೆಸರು ಹುಡುಕಿ ನೋಡಿದರು, ಬೆಲೆ ಕೇಳಿದರು. ಹೇಳಿದೆ. ಹುಬ್ಬು ಗಂಟಿಕ್ಕಿದರು. ಇನ್ನೂ ಇಳಿಸೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನಾದಿನಿಯ ಕಡೆ ತಿರುಗಿದರು.

"ಇದ್ರಲ್ಲಿ ನಿನಗೆ ಸಂಬಳ ಹುಟ್ಟುತ್ತೇನಮ್ಮಾ?"

ನಾದಿನಿ ಇಲ್ಲವೆಂದು ತಲೆಯಾಡಿಸಿದಳು.

"ಹಂಗಾದ್ರೆ ನೀನು ಬೇರೆ ಕೆಲಸ ನೋಡ್ಕೋತೀಯ. ಆಮೇಲೆ ನನ್ನ ಪುಸ್ತಕ ಯಾರು ಕಾಯ್ತಾರೆ? ನಾಲ್ಕು ಪಟ್ಟು ಹಾಕಿ. ಯಾರಾದ್ರೂ ಕೇಳಿದ್ರೆ ನಾನು ಹೇಳಿದ್ದು ಅನ್ನಿ."

ಕೊಳ್ಳುವವರು ಬೆಲೆ ಏರಿಸಿ ಚೌಕಾಸಿ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಒಂದು ವರ್ಷದ್ದನ್ನು ಅಲ್ಲೇ ಕಟ್ಟಿದರು. ಆ ಬೆಲೆಯನ್ನೇ ಆ್ಯಪಿನಲ್ಲಿ ಎಲ್ಲರಿಗೂ ತಿಳಿಸಿದೆವು. ಆ ಒಂಬತ್ತು ಸಾವಿರವನ್ನು ಬರೆದಿಟ್ಟವರು ಒಟ್ಟು ಮುನ್ನೂರು ಜನ. ಮಧ್ಯಾಹ್ನ ಮೂರರ ಹೊತ್ತಿಗೆ ಅವರಲ್ಲಿ ಇನ್ನೂರು ಮಂದಿ ಅದೇ ಬೆಲೆಗೆ ಸೇರಿದ್ದರು, ನನ್ನನ್ನು ಬೈದವರೇ ಮೊದಲು.

ನಾದಿನಿ ಕಿಟಕಿಯ ಹತ್ತಿರ ಹೋಗಿ ಆ ದೊಡ್ಡ ಕಂಪನಿಗೆ ಫೋನ್ ಮಾಡಿದಳು. ಕರೆದದ್ದಕ್ಕೆ ಸಂತೋಷ, ಆದರೆ ಬರಲಾಗುವುದಿಲ್ಲ ಎಂದಳು. ಆ ಕಡೆಯವರು ಕಾರಣ ಕೇಳಿರಬೇಕು.

"ನಮ್ಮ ಅತ್ತಿಗೆ ನನ್ನನ್ನ ಬಿಡ್ತಿಲ್ಲ," ಅಂದಳು.

ಹೋಗಬೇಡ ಎಂದು ನಾನು ಬಾಯಿಬಿಟ್ಟು ಒಂದು ಮಾತೂ ಹೇಳಿರಲಿಲ್ಲ. ಅವಳು ಫೋನ್ ಇಡುವ ಹೊತ್ತಿಗೆ ನನ್ನ ಕಣ್ಣು ತುಂಬಿತ್ತು.