ಸೋಡು ನಾಕಾ

ಹೆಲಿಕಾಪ್ಟರಿನ ಹಗ್ಗದಲ್ಲಿ ನೇತು ಬರುವ ಕಬ್ಬಿಣ ಮೊದಲು ಕೈ ಕಚ್ಚುತ್ತದೆ. ರೆಕ್ಕೆ ಗಾಳಿ ಉಜ್ಜಿ ಹುಟ್ಟಿದ್ದು, ಮುಟ್ಟಿದ ಕೂಡಲೇ ಮೊಣಕೈವರೆಗೆ ಕರೆಂಟು. ಅಗಸೂರಿನ ಮೇಲಿನ ಗುಡ್ಡಕ್ಕೆ ರಸ್ತೆ ಇಲ್ಲ. ವಿದ್ಯುತ್ ಟವರಿನ ಸಾಮಾನೆಲ್ಲ ಆಕಾಶದಿಂದಲೇ ಇಳಿಯಬೇಕು. ಹಿಡಿದು ನಿಲ್ಲಿಸುವವರು ನಾವು. ಕೈಗವಸನ್ನು ಫೋಟೋ ತೆಗೆಯುವ ದಿನ ಕೊಟ್ಟಿದ್ದರು, ಸಂಜೆಗೆ ವಾಪಸ್ ಇಸಕೊಂಡರು.

"ಹೆಂಡ್ತಿನೂ ಇಷ್ಟು ಜೋರು ಹೊಡೂದಿಲ್ಲ ಮಾರಾಯ," ಬೀರ ಕೈ ಒದರಿದ.

"ಮನಿಗೆ ಬಾ, ತೋರಿಸ್ತೆ," ಅಂದಳು ಜಲ್ಲಿ ಹೊರುತ್ತಿದ್ದ ಹೊನ್ನಿ. ಅವನ ಹೆಂಡತಿ ಅವಳೇ.

ಧೂಳಿನಲ್ಲಿ ಪೈಲಟ್ಟಿಗೆ ನಾವು ಕಾಣುವುದಿಲ್ಲ. ನಾವು ಕೂಗಬೇಕು, ಸೂಪರ್‌ವೈಸರ್ ರಾಜೀವ ಅದನ್ನು ವೈರ್‌ಲೆಸ್ಸಿನಲ್ಲಿ ಹೇಳಬೇಕು. ಅವನು ದೂರದ ಮತ್ತಿ ಮರದಡಿ ನಿಲ್ಲುತ್ತಿದ್ದ.

"ನಮಗೂ ಒಂದು ವೈರ್‌ಲೆಸ್ ಕೊಡಿ, ಗದ್ದಲಕ್ಕೆ ಕೇಳೂದಿಲ್ಲ," ಎಂದು ದೇವಬಾಗದ ಮೀನುಗಾರರ ಹುಡುಗ ರೂಪೇಶ ಕೇಳಿದ್ದ.

"ಬಲೆ ಎಳೀವಾಗ ವೈರ್‌ಲೆಸ್ ಇತ್ತನೋ ನಿಂಗೆ?" ಅಂದಿದ್ದ ರಾಜೀವ.

ಆ ದಿನ ಗಾಳಿ ಎದ್ದಿತ್ತು. "ಇವತ್ತು ಬೇಡ" ಎಂದೆವು. "ಹಾರೂದು ಹಾರ್ತದೆ, ನೀವು ಹಿಡೀರಿ" ಎಂದ ರಾಜೀವ.

ಕಬ್ಬಿಣ ತೂಗಾಡಿತು. ನಾವು ಹಿಡಿದೆಳೆಯಲು ಅದಕ್ಕೆ ಇಳಿಬಿಟ್ಟ ಹಗ್ಗ ಬೀರನ ಕಾಲಿಗೆ ಸುತ್ತಿ ಕೆಡವಿತು. ನೆತ್ತಿಯ ಮೇಲೇ ಹೊರೆ. ರೂಪೇಶ ಮರದ ಕಡೆ ತಿರುಗಿ ಕಿರುಚಿದ: "ಸೋಡು ನಾಕಾ!"

ಬಿಡಬೇಡ ಅಂತ. ಗಾಬರಿಗೆ ಮನೆಯ ಕೊಂಕಣಿಯೇ ಬಂತು. ರೆಕ್ಕೆಯ ಸದ್ದು 'ನಾಕಾ' ನುಂಗಿತು. ಮರದಡಿಗೆ ಮುಟ್ಟಿದ್ದು 'ಸೋಡು' ಮಾತ್ರ. ಬಿಡು. ರಾಜೀವ ತಲೆ ಎತ್ತದೆ ಪೈಲಟ್ಟಿಗೆ ಅದನ್ನೇ ಹೇಳಿದ.

ಹೊರೆ ಬೀರನ ಎದೆಯ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಆ ಗದ್ದಲದಲ್ಲೂ ಕೇಳಿತು. ಹೊನ್ನಿ ಬರಿಗೈಯಲ್ಲಿ ಕಬ್ಬಿಣ ಎತ್ತಲು ಹೋಗಿ ಉಗುರು ಕಿತ್ತುಕೊಂಡಳು. ಅದು ಅಲುಗಲಿಲ್ಲ. ಅದರಡಿಯಲ್ಲೇ ಬೀರನ ಜೀವ ಹೋಯಿತು.

"ಬಿಡು ಅಂದವ ನಿಮ್ಮವನೇ," ಎಂದ ಕಂಪನಿಯ ಸಾಹೇಬ. "ಕಂಪನಿ ಎಂತ ಮಾಡ್ತದೆ?"

ರೂಪೇಶ ಕಲ್ಲೆತ್ತಿ ತನ್ನ ಬಾಯಿಗೇ ಹೊಡೆದುಕೊಂಡ. ಹೊನ್ನಿ ಅವನ ಕೈ ಹಿಡಿದಳು. "ನಿನ್ ಬಾಯಿ ಸಮಾ ಹೇಳ್ತು ತಮ್ಮಾ. ಅವ್ನ ಕಿವಿ ನೆರಳಲ್ಲಿತ್ತು."

ಮರುದಿನವೇ ಹೆಲಿಕಾಪ್ಟರು ಮತ್ತೆ ಹೊರೆ ಹೊತ್ತು ಬಂತು. ನೆಲದ ರಕ್ತದ ಮೇಲೆ ಮಣ್ಣೆಳೆದಿದ್ದರು, ಅಷ್ಟೇ. ಹೊನ್ನಿ ಹೋಗಿ ಅಲ್ಲೇ ಕೂತಳು. ಒಬ್ಬೊಬ್ಬರಾಗಿ ನಾವೂ ಕೂತೆವು. ರೆಕ್ಕೆಯ ಗಾಳಿಗೆ ಹಾರಿದ ಜಲ್ಲಿ ನಮ್ಮ ಹಣೆ ಒಡೆಯಿತು. ಯಾರೂ ಏಳಲಿಲ್ಲ.

"ಏಳ್ರೋ, ಸಾಯ್ತೀರಿ!" ರಾಜೀವ ಮೊದಲ ಸಲ ಮರ ಬಿಟ್ಟು ಓಡಿಬಂದ. ರೂಪೇಶ ವೈರ್‌ಲೆಸ್ ಕಿತ್ತು ಹೊನ್ನಿಯ ಕೈಗಿಟ್ಟ.

"ಸೋಡು ನಾಕಾ!" ಅವಳು ಅದರೊಳಗೆ ಕೂಗಿದಳು. "ಬಿಡಬೇಡ! ಕೆಳಗೆ ಮನುಷ್ರು ಇದ್ದವರೆ!"

ಹೆಲಿಕಾಪ್ಟರು ಹೊರೆಯ ಸಮೇತ ತಿರುಗಿ ಹೋಯಿತು. ಸದ್ದು ನಿಂತಾಗ ರಾಜೀವ ಮೆಲ್ಲಗೆ ಕಾಲುದಾರಿ ಹಿಡಿದಿದ್ದ.

"ಸೋಡು ನಾಕಾ," ಎಂದಳು ಹೊನ್ನಿ ಮತ್ತೆ. ಈ ಸಲ ವೈರ್‌ಲೆಸ್ಸಿಗಲ್ಲ, ನಮಗೆ.

ನಾವು ಎದ್ದು ಅವನ ದಾರಿಗೆ ಅಡ್ಡ ನಿಂತೆವು.