ಏರಿಯ ಮೇಲಿನ ಫಿಯೆಟ್

“ಇದು ನನ್ನ ಗಾಡಿ ಅಲ್ಲ. ಬಸ್ ಸ್ಟ್ಯಾಂಡ್ ಅಂಗಡ್ಯಾಗ ತೂಗು ಹಾಕಿರ್ತಾರಲ್ಲ, ಆ ಆಟಿಗೆ ಸಾಮಾನು.”

“ಅಮ್ಮಾರೆ, ಬಾಯಿಗೆ ಬಂದಂಗೆ ಮಾತಾಡಬ್ಯಾಡ್ರಿ. ನಿಮ್ಮ ಗಾಡೀದೇ ಬಾನೆಟ್ಟು ಮುಂದಿಟ್ಕೊಂಡು ಬಣ್ಣ ಕಲಸೀನಿ. ಕೂದಲೆಳೆ ವ್ಯತ್ಯಾಸ ಇಲ್ಲ.”

“ನಾನು ಬಾನೆಟ್ ಕೇಳಿದ್ನೇನಪ್ಪ? ಗಾಡಿ ಕೇಳಿದ್ದೆ.”

“ಮೊದ್ಲು ಕಣ್ಣು ತೋರಿಸ್ಕೊಳ್ರಿ.”

“ಕಣ್ಣಿನ ಆಪರೇಷನ್ ಹೋದ ವರ್ಷನೇ ಆಗೈತೆ ಬಕ್ಕೇಶಿ. ನಿನ್ನ ಬಾಯಿಗೆ ಯಾವಾಗ ಮಾಡಿಸ್ತಿ?”

ಹಿಂದಿನಿಂದ ರಜಾಕ್ ನನ್ನ ಅಂಗಿ ಜಗ್ಗಿದ. ನಾನು ಅವನ ಕೈ ಕೊಡವಿದೆ. ಇಪ್ಪತ್ತೈದು ವರ್ಷದಿಂದ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದೇನೆ. ದಾವಣಗೆರೆಯ ಕೆ.ಬಿ. ಬಡಾವಣೆಯ ಹಿಂದಿನ ಗಲ್ಲಿಯಲ್ಲಿರುವ ನನ್ನ ಶೆಡ್ಡಿಗೆ ಬಂದು ಬಣ್ಣ ತಪ್ಪಾಗಿದೆ ಎಂದು ಅಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಗುರುಶಾಂತಮ್ಮನವರು ಕೋಲೂರಿಕೊಂಡು ಬಾಗಿಲವರೆಗೆ ಹೋಗಿ, ಅಲ್ಲಿ ನಿಂತು ಹೇಳಿದರು:

“ಅದು ನನ್ನ ಗಾಡಿ ಆದಾಗ ಕರೀರಿ. ಆಗ್ಲಿಲ್ಲ ಅಂದ್ರೆ ಕರೀಬ್ಯಾಡ್ರಿ.”

ಮೇಜಿನ ಮೇಲಿದ್ದದ್ದು ಒಂದು ಮೊಳಕ್ಕಿಂತ ಚಿಕ್ಕದಾದ ಹಳೇ ಫಿಯೆಟ್ ಕಾರು. ಮಾಡಿದವನು ಹರಿಹರದ ರಜಾಕ್. ಹಿಂದೆ ಇದೇ ಶೆಡ್ಡಿನಲ್ಲಿ ಅವನದು ಟಿಂಕರ್ ಕೆಲಸ, ನನ್ನದು ಬಣ್ಣ. ಗುದ್ದಿಸಿಕೊಂಡು ಬಂದ ಗಾಡಿಗಳನ್ನು ಅವನು ತಟ್ಟಿ ನೆಟ್ಟಗೆ ಮಾಡುತ್ತಿದ್ದ, ನಾನು ಬಣ್ಣದ ಗನ್ನು ಹಿಡಿಯುತ್ತಿದ್ದೆ. ಭುಜ ಹಿಡಿದುಕೊಂಡು ದೊಡ್ಡ ಸುತ್ತಿಗೆ ಎತ್ತಲು ಆಗದೇ ಹೋದಾಗ ಅವನು ಮನೆಯಲ್ಲಿ ಕೂತು ಹಳೇ ಕಾರುಗಳನ್ನು ಸಣ್ಣದಾಗಿ ಮಾಡತೊಡಗಿದ. ಎಣ್ಣೆ ಡಬ್ಬದ ತಗಡು, ಬೇವಿನ ಕಟ್ಟಿಗೆಯ ಅಚ್ಚು, ಅಕ್ಕಸಾಲಿಗರ ಸುತ್ತಿಗೆ, ಇಷ್ಟೇ ಅವನ ಸಾಮಾನು. ಅಳತೆಗೆ ಚಿತ್ರ ನೋಡುತ್ತಿರಲಿಲ್ಲ. ಎಷ್ಟೋ ಫಿಯೆಟ್ಟುಗಳ ಮಡ್‌ಗಾರ್ಡು ತಟ್ಟಿದ ಕೈ, ಎಲ್ಲಿ ಉಬ್ಬಬೇಕು ಎಲ್ಲಿ ಇಳಿಯಬೇಕು ಎಂದು ಅದಕ್ಕೇ ಗೊತ್ತಿತ್ತು.

ಬಣ್ಣ ಹೊಡೆಯಲೆಂದು ಅವನು ಅದನ್ನು ಬರೀ ತಗಡಿನಲ್ಲಿ ತಂದಿಟ್ಟ ದಿನ ನಾನು ಚಹಾ ಕುಡಿಯುವುದನ್ನೂ ಮರೆತಿದ್ದೆ. ಮುಂದಿನ ಬಾಗಿಲು ಹಳೇ ಫಿಯೆಟ್ಟಿನ ಹಾಗೇ ಉಲ್ಟಾ ತೆರೆಯುತ್ತಿತ್ತು. ಸ್ಟೀರಿಂಗಿಗೆ ಹಸುಗೂಸಿನ ಬಳೆ. ಅದರ ಪಕ್ಕದಲ್ಲೇ ಗೇರಿನ ಕಡ್ಡಿ, ಬೆರಳ ತುದಿಯಿಂದ ಮುಟ್ಟಿದರೆ ಮೇಲೆ ಕೆಳಗೆ ಆಡುತ್ತಿತ್ತು. ಹೆಡ್‌ಲೈಟಿಗೆ ಹೆಂಗಸರ ಕೈಗಡಿಯಾರದ ಗಾಜು. ಬಾನೆಟ್ ಎತ್ತಿದರೆ ಇಂಜಿನ್, ಅದಕ್ಕೆ ಹೋಗುವ ವೈರುಗಳು, ಫ್ಯಾನಿನ ಬೆಲ್ಟು ಕೂಡ. ಅಂಥದ್ದನ್ನು ಒಬ್ಬ ಮನುಷ್ಯ ಕೈಯಲ್ಲಿ ಮಾಡಿದ್ದಾನೆ ಎನ್ನುವುದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮಾಡಿಸಿದ್ದು ಗುರುಶಾಂತಮ್ಮ. ನಿಜಲಿಂಗಪ್ಪ ಬಡಾವಣೆಯವರು, ಹತ್ತಿ ವ್ಯಾಪಾರದ ಮನೆತನ, ಎಂಬತ್ತು ದಾಟಿದ ಜೀವ. ಊರಿನಲ್ಲಿ ಹೆಂಗಸರು ಸೈಕಲ್ ಮುಟ್ಟದ ಕಾಲಕ್ಕೆ ಅವರು ಫಿಯೆಟ್ ಓಡಿಸುತ್ತಿದ್ದರು. ಆ ಗಾಡಿ ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಕೆಲಸ ಒಪ್ಪಿಸುವಾಗಲೇ ತಮಗೆ ಬೇಕಾದದ್ದನ್ನು ಅವರು ನಮಗೆ ಬಿಡಿಸಿ ಹೇಳಿದ್ದರು.

“ಓಡಿಸೋರಿಗೆ ಗಾಡಿ ಕಾಣಂಗಿಲ್ಲಪ್ಪ. ಸ್ಟೀರಿಂಗ್ ಕಾಣ್ತೈತೆ, ದಾರಿ ಕಾಣ್ತೈತೆ. ಒಂದ್ಸಲ ಕೊಂಡಜ್ಜಿ ಕೆರೆ ಏರಿ ಮ್ಯಾಲೆ ನಿಲ್ಲಿಸಿ, ಇಳಿದು ದೂರ ಹೋಗಿ ತಿರುಗಿ ನೋಡಿದೆ. ಅಬ್ಬಾ ಅನ್ನಿಸ್ತು. ಇದನ್ನ ನಾನೇ ತಂದು ನಿಲ್ಲಿಸೀನಲ್ಲ ಅಂತ. ಹಂಗ ಇನ್ನೊಂದ್ಸಲ ನೋಡಬೇಕು. ಆಮ್ಯಾಲೆ ಏನಾರ ಆಗ್ಲಿ.”

ಆ ಗಾಡಿಯದು ಉಳಿದಿದ್ದದ್ದು ಬಾನೆಟ್ ಒಂದೇ. ಅವರ ಮನೆಯ ಹಿತ್ತಲಲ್ಲಿ ನೀರಿನ ತೊಟ್ಟಿಗೆ ಮುಚ್ಚಳವಾಗಿತ್ತು. ಅದನ್ನು ತಂದು ಪಾಲಿಶ್ ಪೇಸ್ಟ್ ಹಚ್ಚಿ ಪೂರ್ತಿ ಉಜ್ಜಿದೆ. ಒಳಗಿನಿಂದ ಹಳೇ ಬಣ್ಣ ಎದ್ದು ಬಂತು, ಪಾರಿವಾಳದ ರೆಕ್ಕೆಯಂಥ ಬೂದು ನೀಲಿ. ಅದಕ್ಕೆ ಸರಿಯಾಗಿ ಕಲಸಿ, ಕನ್ನಡಿ ಹೊಳಪು ಬರುವ ಹಾಗೆ ಹೊಡೆದಿದ್ದೆ. ಅದನ್ನೇ ಅವರು ಆಟಿಗೆ ಸಾಮಾನು ಅಂದದ್ದು.

ಅವರು ಹೋದ ಮೇಲೆ ರಜಾಕ್ ಸುಮ್ಮನಿರಬೇಕಿತ್ತು. ಇರಲಿಲ್ಲ.

“ಬಕ್ಕೇಶಣ್ಣ, ಸಿಟ್ಟು ಮಾಡ್ಕೋಬ್ಯಾಡ. ಅಮ್ಮ ಹೇಳೋದು ಖರೆ ಐತೆ.”

“ಏನಲೇ ಖರೆ? ಬಾನೆಟ್ ಸುಳ್ಳು ಹೇಳ್ತೈತೇನು?”

“ಬಾನೆಟ್ ಸುಳ್ಳು ಹೇಳಲ್ಲ. ಆದ್ರೆ ಬರೀ ತಗಡಿದ್ದಾಗ ಅದು ಗಾಡಿ ಇತ್ತು. ನಿನ್ನ ಬಣ್ಣ ಬಿದ್ ಮ್ಯಾಲೆ ಡಬ್ಬಿ ಆಗೈತೆ.”

“ಯಾಕ ಅಂತ ಹೇಳು ಮತ್ತೆ.”

“ಗೊತ್ತಿದ್ರೆ ಹೇಳ್ತಿರ್ಲಿಲ್ವಾ? ಒಂಚೂರು ಬಿಳಿ ಸೇರಿಸಿ ನೋಡಣ್ಣ.”

ನನಗೆ ಉರಿದುಹೋಯಿತು. ಇವನಿಗೆ ಒಮ್ಮೆ ಕಣ್ಣಾರೆ ತೋರಿಸಿ ಬಾಯಿ ಮುಚ್ಚಿಸಬೇಕು ಎಂದು ಸ್ಟೂಲ್ ತೆಗೆದುಕೊಂಡು ಹೋಗಿ ಗಲ್ಲಿಯ ನಡುವೆ ಇಟ್ಟೆ. ಸಣ್ಣ ಗಾಡಿಯನ್ನು ಅದರ ಮೇಲೆ ಕೂರಿಸಿದೆ. ದೊಡ್ಡ ಬಾನೆಟ್ಟನ್ನು ತಳ್ಳುಗಾಡಿಯ ಮೇಲೆ ಒರಗಿಸಿ, ನೂಕಿಕೊಂಡು ಹೋಗು ಎಂದೆ.

“ಎಲ್ಲೀತನ?”

“ಇವೆರಡೂ ಬಾನೆಟ್ ಒಂದೇ ಸೈಜ್ ಕಾಣೋತನ. ಆಗ ನೋಡು, ಬಣ್ಣ ಒಂದೇ ಐತೋ ಇಲ್ವೋ.”

ರಜಾಕ್ ನೂಕುತ್ತಾ ಹೋದ. ಎದುರುಮನೆಯ ಉಡಚಮ್ಮ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. “ಏನೋ ರಜಾಕು, ಬರೀ ಬಾನೆಟ್ ಓಡಿಸ್ತಿಯಲ್ಲ, ಉಳಿದ ಗಾಡಿ ಎಲ್ಲೈತೆ?” ಎಂದಳು. “ಆ ಸ್ಟೂಲ್ ಮ್ಯಾಲೆ ಐತೆ ನೋಡಕ್ಕ” ಎಂದು ಅವನು ಮುಂದೆ ಹೋದ. ನಾನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಗಲ್ಲಿಯ ತುದಿ ಮುಟ್ಟುವ ಹೊತ್ತಿಗೆ ದೊಡ್ಡ ಬಾನೆಟ್ಟು ಕಿರಿದಾಗಿ ಚಿಕ್ಕದರ ಪಕ್ಕಕ್ಕೆ ಬಂದು ಕೂತಿತು.

“ನಿಲ್ಲು” ಎಂದು ಕೂಗಿದೆ.

ಬಣ್ಣ ಒಂದೇ ಇರಲಿಲ್ಲ. ಒಂದೇ ಡಬ್ಬದ ಬಣ್ಣ ಎನ್ನಬಹುದಾದ ಎರಡು ತಗಡು. ದೂರದ್ದು ತೊಳೆದಿಟ್ಟ ಹಾಗೆ ತಿಳಿಯಾಗಿತ್ತು, ಮೃದುವಾಗಿತ್ತು. ಹೊಳಪು ಇದ್ದೂ ಇಲ್ಲದಂತಿತ್ತು. ಹತ್ತಿರದ್ದು ಮಸಿ ಬಳಿದ ಹಾಗೆ ಗಟ್ಟಿಯಾಗಿ ಕೂತಿತ್ತು. ದೂರದ ಬಾನೆಟ್ಟಿಗೂ ನನ್ನ ಕಣ್ಣಿಗೂ ನಡುವೆ ಒಂದು ಗಲ್ಲಿಯಷ್ಟು ಬಿಸಿಲಿತ್ತು, ಧೂಳಿತ್ತು, ಗಾಳಿ ಇತ್ತು. ಸಣ್ಣ ಗಾಡಿಗೂ ನನಗೂ ನಡುವೆ ಏನೂ ಇರಲಿಲ್ಲ. ಗುರುಶಾಂತಮ್ಮ ಗಾಡಿಯನ್ನು ನೋಡಿದ್ದು ದೂರದಿಂದ. ಹಾಗಾದರೆ ಆ ನಡುವಿನ ಗಾಳಿಯನ್ನೂ ನಾನು ಬಣ್ಣದಲ್ಲೇ ಬೆರೆಸಿ ಹೊಡೆಯಬೇಕಿತ್ತು.

ಇಷ್ಟು ವರ್ಷ ಗನ್ನು ಹಿಡಿದು ನಿಂತಿದ್ದರೂ ಗಾಳಿಗೆ ಬಣ್ಣವಿದೆ ಎಂದು ನನಗೆ ಹೊಳೆದಿರಲಿಲ್ಲ. ಗಲ್ಲಿಯ ನಡುವೆ ಒಂದು ಕಣ್ಣು ಮುಚ್ಚಿಕೊಂಡು ನಾನು ಎಷ್ಟು ಹೊತ್ತು ನಿಂತಿದ್ದೆನೋ. ರಜಾಕ್ ಆ ತುದಿಯಿಂದ ಕೂಗಿದ:

“ಅಣ್ಣಾ, ಒಂದೇ ಐತಾ?”

“ಬಾರಲೇ ಇತ್ಲಾಗೆ, ನೀನೇ ನೋಡು.”

ಅವನು ಬಂದು ನೋಡಿದ. ಇವನು ಈಗ ಆಡಿಕೊಳ್ಳುತ್ತಾನೆ ಎಂದು ಕಾದೆ. ಅವನು ಆಡಿಕೊಳ್ಳಲಿಲ್ಲ, “ಯಾ ಅಲ್ಲಾ” ಎಂದು ಮೆಲ್ಲಗೆ ಹೇಳಿ ನೆಲದ ಮೇಲೇ ಕೂತುಬಿಟ್ಟ.

ಹಾಕಿದ ಬಣ್ಣವನ್ನೆಲ್ಲ ಕಿತ್ತೆವು. ಬಿಳಿ, ಅದರ ಹಿಂದೆ ಚೂರೇ ಚೂರು ಮಣ್ಣಿನ ಕೆಂಪು ಸೇರಿಸುತ್ತಾ ಹೋದೆ. ಕಲಸಿದ್ದನ್ನು ಪ್ರತಿ ಸಲ ತಗಡಿನ ತುಂಡಿಗೆ ಹೊಡೆದು, ಗಲ್ಲಿಗೆ ಹೋಗಿ ದೂರದ ಬಾನೆಟ್ಟಿನ ಪಕ್ಕಕ್ಕೇ ಕಾಣುವ ಹಾಗೆ ಕಣ್ಣೆದುರು ಹಿಡಿದು ನೋಡಿದೆ. ತುಂಡು ಎಲ್ಲಿ ಕೊನೆಯಾಗುತ್ತದೆ ಬಾನೆಟ್ಟು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದಂತಾದ ಮೇಲೆ ಗಾಡಿಗೆ ಹೊಡೆದೆ, ಉಸಿರು ಬಿಟ್ಟಷ್ಟು ತೆಳ್ಳಗೆ. ಒಣಗಿದ ಮೇಲೆ ನೀರು ಹಚ್ಚಿ ಮರಳು ಕಾಗದದಿಂದ ಉಜ್ಜಿ ಹೊಳಪು ಕೊಂದೆ. ಹೊಳಪು ಬರಿಸುವುದೇ ನನ್ನ ಹೊಟ್ಟೆಪಾಡು. ರಜಾಕ್ ಕೊಂಡಜ್ಜಿಯಿಂದ ಏರಿಯ ಮಣ್ಣು ತಂದು, ಮಲ್ ಬಟ್ಟೆಯಲ್ಲಿ ಸೋಸಿ, ಚಕ್ರದ ಮೇಲೆ ಊದಿದ. ಬಳಿಕ ಗುರುಶಾಂತಮ್ಮನವರಿಗೆ ಫೋನ್ ಮಾಡಿ, ಶೆಡ್ಡಿಗೆ ಬ್ಯಾಡ, ಏರಿಗೆ ಬರ್ರಿ ಎಂದೆ.

ಇಳಿಹೊತ್ತಿಗೆ ಮೊದಲೇ ನಾವಿಬ್ಬರು ಹೋಗಿ ಜಾಗ ಮಾಡಿದೆವು. ಕಲ್ಲುಗಳನ್ನು ಪೇರಿಸಿ, ಕೂತವರ ಕಣ್ಣಿನ ಮಟ್ಟಕ್ಕೆ ಕಟ್ಟೆ ಕಟ್ಟಿ, ಅದರ ಮೇಲೆ ಏರಿಯ ಮಣ್ಣನ್ನೇ ಹರಡಿದೆವು. ಕಟ್ಟೆಯ ಅಂಚು ಮುಗಿದಲ್ಲಿ ಹಿಂದಿನ ದಾರಿ ಬಂದು ಕೂಡಿಕೊಳ್ಳುವ ಹಾಗೆ ಬಗ್ಗಿ, ಮಂಡಿಯೂರಿ ನೋಡಿ ಸರಿಮಾಡಿದೆ. ಗಾಡಿ ಇಟ್ಟು, ಎದುರಿಗೆ ಹಾಕಿದ್ದ ಕುರ್ಚಿಯಲ್ಲಿ ನಾನೇ ಮೊದಲು ಕೂತು ಒಂದು ಕಣ್ಣು ಮುಚ್ಚಿದೆ.

ಕಟ್ಟೆ ಇರಲಿಲ್ಲ. ಕೆರೆ ಇತ್ತು, ಏರಿ ಇತ್ತು, ಏರಿಯ ಮೇಲೆ ಒಂದು ಫಿಯೆಟ್ ನಿಂತಿತ್ತು. ಯಾರೋ ಈಗತಾನೇ ಇಳಿದು ಹೋದ ಹಾಗೆ. ನೋಡುತ್ತಿದ್ದಂತೆ ದೂರದಿಂದ ಒಬ್ಬ ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಬಂದ. ಗಾಡಿಯ ಹಿಂದೆ ಮರೆಯಾದ. ಅದರ ಕಿಟಕಿಗಳೊಳಗೆ ಅವನ ತಲೆ ಹಾಯಿತು, ಆಮೇಲೆ ಮುಂದಿನಿಂದ ಹೊರಬಂದ. ಅಳತೆ ಸರಿಯಾಗಿತ್ತು. ರಜಾಕನಿಗೆ ಕುರ್ಚಿ ಬಿಟ್ಟುಕೊಟ್ಟೆ. ಅವನು ಕೂತವನು ಏಳಲೇ ಒಲ್ಲ.

ಗುರುಶಾಂತಮ್ಮನವರನ್ನು ಮೊಮ್ಮಗಳು ನಯನಾ ಕಾರಿನಲ್ಲಿ ಕರೆತಂದಳು. ಕಾರು ಏರಿಯ ಕೆಳಗೇ ನಿಂತಿತು. ರಜಾಕ್ ಕೈ ಹಿಡಿದು ಮೇಲೆ ಕರೆತಂದ.

“ಕೂಡ್ರಿ ಅಮ್ಮಾರೆ. ಒಂದು ಕಣ್ಣು ಮುಚ್ಕೊಳ್ರಿ” ಎಂದೆ.

“ಆಪರೇಷನ್ ಆಗಿದ್ದನ್ನ ಮುಚ್ಲೋ, ಆಗ್ದಿದ್ದನ್ನೋ?”

“ಯಾವ್ದಾರ ಮುಚ್ರಿ, ಬಾಯಿ ಮುಚ್ಚಿದ್ರೂ ಒಳ್ಳೇದು.”

ನಕ್ಕು ಸೆರಗಿನಿಂದ ಒಂದು ಕಣ್ಣು ಮುಚ್ಚಿಕೊಂಡರು. ನಗು ಹಾಗೇ ನಿಂತುಹೋಯಿತು.

ಗಾಳಿಗೆ ನೀರು ದಡಕ್ಕೆ ಬಡಿಯುತ್ತಿತ್ತು. ನಾನು ಗಾಡಿ ನೋಡುವುದನ್ನು ಬಿಟ್ಟು ಅವರ ಮುಖ ನೋಡುತ್ತಿದ್ದೆ. ಇದೂ ಅಲ್ಲ ಎಂದುಬಿಟ್ಟರೆ ನಮ್ಮ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಅವರು ಸ್ವಲ್ಪ ಮುಂದಕ್ಕೆ ಬಾಗಿದರು. ಮೆಲ್ಲಗೆ ತಮಗೇ ಹೇಳಿಕೊಂಡರು:

“ಕಿಟಕಿ ಗ್ಲಾಸ್ ಇಳಿಸೇ ಬಂದ್ಬಿಟ್ಟೀನಲ್ಲ.”

ಸೂರ್ಯ ನೀರಿಗೆ ಹತ್ತಿರವಾಗಿ ಫಿಯೆಟ್ಟಿನ ಒಂದು ಮಗ್ಗುಲು ಕೆಂಪಾಯಿತು. ಆಗ ಅವರು ಎದ್ದು ಬೆನ್ನು ತಿರುಗಿಸಿದರು. ಸಂತೋಷದಲ್ಲಿ ರಜಾಕ್ ಕಟ್ಟೆಯ ಕಡೆ ಓಡಿದ.

“ತಡೀರಿ ಅಮ್ಮಾ, ಪೆಟ್ಟಿಗ್ಯಾಗ ಇಟ್ಟು ಕೊಡ್ತೀನಿ.”

“ಮುಟ್ಟಬ್ಯಾಡ. ನಾನು ಹೋಗೋತನಕ ಮುಟ್ಟಬ್ಯಾಡಪ್ಪ.”

“ಒಯ್ಯಲ್ವೇನ್ರಿ ಮತ್ತೆ?” ನನಗೆ ಮತ್ತೆ ಸಿಟ್ಟು ಬಂತು. “ಇಷ್ಟೆಲ್ಲ ಮಾಡಿಸಿ ಇಲ್ಲೇ ಬಿಟ್ಟು ಹೊಂಟ್ರೆ ಹೆಂಗೆ?”

“ಒಯ್ದು ಎಲ್ಲಿಡ್ಲಿ ಬಕ್ಕೇಶಿ? ಷೋಕೇಸ್‌ನಾಗ ಇಟ್ರೆ ಸಣ್ಣದಾಗ್ತೈತೆ. ಈಗ ದೊಡ್ಡದೈತೆ.”

ಅವರು ಒಮ್ಮೆಯೂ ಹಿಂದಿರುಗಿ ನೋಡದೆ, ಕೋಲೂರಿಕೊಂಡು ಒಬ್ಬರೇ ಏರಿ ಇಳಿದರು. ನಯನಾ ಬಾಗಿಲು ತೆರೆದಳು. ಕಾರು ದಾವಣಗೆರೆಯ ಕಡೆ ಹೊರಟುಹೋಯಿತು. ಕತ್ತಲಾಗುವವರೆಗೂ ನಾನೂ ರಜಾಕನೂ ಅಲ್ಲೇ ನಿಂತಿದ್ದೆವು. ಗಾಡಿಯನ್ನು ಎತ್ತಿಕೊಳ್ಳಲು ಇಬ್ಬರಿಗೂ ಮನಸ್ಸಾಗಲಿಲ್ಲ. ಅದನ್ನು ಕೇಳಿಕೊಂಡು ಗುರುಶಾಂತಮ್ಮನವರು ಮತ್ತೆ ಯಾವತ್ತೂ ಬರಲಿಲ್ಲ.