ಶಿವಣ್ಣ ಹೇಳದ ಸಾಲು

“ಬಂದ! ಅಕ್ಕಾ, ಬೊಮ್ಮಲಿಂಗಪ್ಪ ಬಂದ!”

ಪಕ್ಕದ ಮನೆಯ ರಂಗಕ್ಕ ಏದುಸಿರು ಬಿಡುತ್ತ ಒಳಗೆ ನುಗ್ಗಿದಾಗ ಹೊನ್ನಕ್ಕ ಗಂಡನ ಹೆಣಕ್ಕೆ ಕಂಬಳಿ ಹೊದಿಸುತ್ತಿದ್ದಳು. ಹಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಬಿ.ಜಿ. ಕೆರೆಯ ಪ್ರಾರ್ಥನಾ ಮಂದಿರದ ಜನವೆಲ್ಲ ಬೆಳಗಿನಿಂದ ಕಾಯುತ್ತಿದ್ದದ್ದು, ಸುಳ್ಳೇಕೆ, ಇವನನ್ನೇ. ಸತ್ತ ಶಿವಣ್ಣನ ಒಡಹುಟ್ಟಿದ ಅಣ್ಣ, ಇಪ್ಪತ್ತೊಂದು ವರ್ಷದಿಂದ ತಮ್ಮನ ಮುಖ ನೋಡದವನು, ಪರಶುರಾಂಪುರದ ಕಡೆಯಿಂದ ಟೆಂಪೋ ಹತ್ತಿ ಬಂದಿದ್ದ. ಎಪ್ಪತ್ತು ದಾಟಿತ್ತು. ಬರುವ ಆತುರದಲ್ಲಿ ಚಪ್ಪಲಿಯನ್ನೂ ಮರೆತಿದ್ದ.

ತಮ್ಮನ ಮುಖವನ್ನು ಒಂದು ಗಳಿಗೆ ನೋಡಿ, ಪಾಸ್ಟರ್ ಚಿರಂಜೀವಿಯವರ ಕಡೆ ತಿರುಗಿದ. ತಮ್ಮನ ಹೆಂಡತಿಯ ಜೊತೆ ಭಾವ ನೇರವಾಗಿ ಮಾತಾಡುವ ಪದ್ಧತಿ ಅವರ ಕುಲದಲ್ಲಿಲ್ಲ.

“ಅಯ್ಯಾ, ಆಯಮ್ಮನ್ನ ಕೇಳ್ರಿ. ಕೊನೇಗಾದ್ರೂ ಆ ಸಾಲು ಹೇಳಿದ್ನಾ?”

ಯಾವ ಸಾಲು ಎಂದು ಯಾರೂ ಕೇಳಲಿಲ್ಲ. ಸುತ್ತ ಹತ್ತೂರಿಗೂ ಅದು ಗೊತ್ತಿತ್ತು.

*

ಇಪ್ಪತ್ತೊಂದು ವರ್ಷದ ಹಿಂದೆ ಅವ್ವ ಸತ್ತಾಗ ಶಿವಣ್ಣನಿಗೆ ಯಾರೂ ಹೇಳಿಕಳಿಸಿರಲಿಲ್ಲ. ಕುರಿ ಸಂತೆಯಲ್ಲಿ ಯಾರದೋ ಬಾಯಲ್ಲಿ ಕೇಳಿ ಓಡಿದ. ಅಷ್ಟರಲ್ಲಿ ಗುಂಡಿ ಮುಚ್ಚಿಯಾಗಿತ್ತು. ಒಂದು ಹಿಡಿ ಮಣ್ಣಾದರೂ ಹಾಕೋಣವೆಂದು ಬಗ್ಗಿದವನ ಎದೆಗೆ ಅಣ್ಣ ಕೋಲು ಅಡ್ಡ ಹಿಡಿದ.

“ಏಸಪ್ಪನ ಗುಡಿ ಸೇರ್ದೋನು ನೀನು. ಅವ್ವನ ಮಣ್ಣು ಮುಟ್ಬೇಡ.”

ಮುಂದಿನ ಭಾನುವಾರ ಮಂದಿರದಲ್ಲಿ ಎಲ್ಲರೂ ಏಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುತ್ತಿದ್ದರು. ತಪ್ಪು ಮಾಡಿದವರನ್ನು ಕ್ಷಮಿಸಿದ್ದೇವೆ ಎನ್ನುವ ಸಾಲು ಬಂದಾಗ ಶಿವಣ್ಣ ಬಾಯಿ ಮುಚ್ಚಿದ. ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಂಡ. ಅದರ ಮುಂದಿನ ವಾರವೂ ಅಷ್ಟೇ. ಅವನದು ದೂರದ ಮಂದೆಯನ್ನು ತಿರುಗಿಸುವ ಗಂಟಲು. ಅದು ನಿಂತರೆ ಮಂದಿರಕ್ಕೆಲ್ಲ ಗೊತ್ತಾಗುತ್ತಿತ್ತು.

“ಬಾಯಲ್ಲಾದ್ರೂ ಹೇಳಣ್ಣ, ಮನಸು ಹಿಂದ್ಲಿಂದ ಬರ್ತೈತೆ,” ಎಂದರು ಪಾಸ್ಟರ್.

“ಮಂದೆ ಆ ದೇವ್ರುದು ಅಯ್ಯಾ. ಕುರಿ ಎಷ್ಟವೆ ಅಂತ ಆತಂಗೆ ಗೊತ್ತೈತೆ. ನಾನು ಸುಳ್ಳು ಹೇಳಿ ಯಾರಿಗೆ ಟೋಪಿ ಹಾಕ್ಲಿ?”

*

“ಹೇಳ್ದ ಅಂದ್ಬಿಡಕ್ಕಾ,” ರಂಗಕ್ಕ ಹೊನ್ನಕ್ಕನ ಕಿವಿಯಲ್ಲಿ ಪಿಸುಗುಟ್ಟಿದಳು. “ಮುದುಕನ ಜೀವ ತಣ್ಣಗಾಗ್ಲಿ. ಸತ್ತೋರು ಎದ್ದು ಬಂದು ಇಲ್ಲ ಅಂತಾರಾ?”

ಪಾಸ್ಟರ್ ಕೂಡ ಹತ್ತಿರ ಬಗ್ಗಿದರು. “ಸಾವಿನ ಮನೆ ಅಕ್ಕಾ. ನೋಡಿ ಮಾತಾಡ್ರಿ.”

ಹೊನ್ನಕ್ಕ ಗಂಡನ ಮುಖ ನೋಡಿದಳು. ಹೇಳಿದ ಎನ್ನುವ ಒಂದು ಮಾತು ಸಾಕಿತ್ತು. ಆದರೆ ಗಂಡ ಇಷ್ಟು ವರ್ಷ ದೇವರಿಗೆ ಹೇಳದ ಸುಳ್ಳನ್ನು ಅವನ ಹೆಣದ ಪಕ್ಕ ಕುಳಿತು ತಾನು ಹೇಳುವುದೇ? ಅವಳಿಗೆ ಎಲ್ಲರ ಮೇಲೂ ರೇಗಿಹೋಯಿತು.

“ಇಲ್ಲ! ಹೇಳ್ಲಿಲ್ಲ ಅವ್ರು. ಕ್ಷಮಿಸ್ಲಿಲ್ಲ!”

ಗದ್ದಲವೋ ಗದ್ದಲ. ಬೊಮ್ಮಲಿಂಗಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಹೊನ್ನಕ್ಕ ಪದ್ಧತಿಯನ್ನೆಲ್ಲ ಮರೆತು ನೇರ ಅವನ ಕಡೆಗೇ ತಿರುಗಿದಳು.

“ಪೂರ್ತಿ ಕೇಳ್ರಿ ಭಾವಾ. ದಿನಾ ಬೆಳಗ್ಗೆ ದೇವರ ಮುಂದೆ ನಿಮ್ಮ ಹೆಸ್ರು ಎತ್ತತಿದ್ರು. ‘ಅಣ್ಣನ ಕುರಿಗೆ ರೋಗ ಬಂದೈತಂತೆ, ವಾಸಿ ಮಾಡಪ್ಪಾ. ಮೊಮ್ಮಗಳು ಪರೀಕ್ಷೆ ಬರೀತಾಳಂತೆ, ಪಾಸ್ ಮಾಡು. ನನ್ ಸಿಟ್ಟು ಮಾತ್ರ ಇವತ್ತೂ ಹೋಗ್ಲಿಲ್ಲ. ನಾಳೆ ಮತ್ತೆ ಕೇಳು.’ ಒಂದಿನಾನೂ ತಪ್ಪಿಸ್ಲಿಲ್ಲ. ಮೊನ್ನೆ ಆಸ್ಪತ್ರೇಲೂ ಇದೇ.”

“ರಶ್ಮಿತಾ ಪಾಸಾದ್ಲು,” ಎಂದ ಮುದುಕ, ತಮ್ಮನ ಹೆಣಕ್ಕೆ. ಆಮೇಲೆ ಗೊಳೋ ಎಂದು ಅತ್ತ.

*

ಗುಂಡಿಯೊಳಗೆ ನಿಂತು ಹೆಣ ಇಳಿಸಿಕೊಳ್ಳುವವರು ಯಾರು ಎಂದು ಪಾಸ್ಟರ್ ಕೇಳಿ ಮುಗಿಸುವ ಮೊದಲೇ ಬೊಮ್ಮಲಿಂಗಪ್ಪ ಧುಮುಕಿಬಿಟ್ಟ.

“ಲೇ, ಮುದುಕ ಬಿದ್ದ ಕಣ್ರಲೇ!”

ಬಿದ್ದಿರಲಿಲ್ಲ. ಎರಡೂ ತೋಳು ಮೇಲೆತ್ತಿ ನಿಂತಿದ್ದ. ತಮ್ಮನನ್ನು ಇಸಿದುಕೊಂಡು, ತಲೆಗೆ ಕೈ ಕೊಟ್ಟು, ಮೆಲ್ಲಗೆ ಮಲಗಿಸಿದ.

ಪ್ರಾರ್ಥನೆ ಶುರುವಾಯಿತು. ಆ ಸಾಲು ಬರುತ್ತಲೇ ಎಲ್ಲರ ಕಣ್ಣೂ ಹೊನ್ನಕ್ಕನ ಮೇಲೆ. ಇಷ್ಟು ವರ್ಷ ಒಮ್ಮೆಯೂ ಬಿಡದೆ ಹೇಳಿದವಳು ಇವತ್ತು ತುಟಿ ಬಿಗಿಹಿಡಿದು ನಿಂತಿದ್ದಳು. ಗಂಡನ ಎದೆಗೆ ಅಡ್ಡ ಬಂದ ಆ ಕೋಲು ಅವಳಿಗೂ ಮರೆತಿರಲಿಲ್ಲ.

ಬೊಮ್ಮಲಿಂಗಪ್ಪ ಮೇಲೆ ಹತ್ತಲು ನೋಡಿದ. ಮಣ್ಣು ಕುಸಿದು ಜಾರಿದ. ಮತ್ತೆ ಹತ್ತಿ ಮತ್ತೆ ಜಾರಿದ.

“ಹಗ್ಗ ತರ್ರೋ, ಹಗ್ಗ!” ಯಾರೋ ಕೂಗಿದರು.

ಹೊನ್ನಕ್ಕ ಹಗ್ಗಕ್ಕೆ ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಂಡಿಯ ಅಂಚಿನಲ್ಲಿ ಕುಕ್ಕರಿಸಿ, ಮದುವೆಯಾಗಿ ಬಂದಂದಿನಿಂದ ಒಮ್ಮೆಯೂ ಮುಟ್ಟಿರದ ಭಾವನ ಎರಡೂ ಮಣಿಕಟ್ಟು ಹಿಡಿದು, ಹಲ್ಲು ಕಚ್ಚಿ ಮೇಲಕ್ಕೆ ಎಳೆದಳು.